ಕರೆಂಟ್ ಹೋಗಿ ಬೀದಿಗೆ ಬಿದ್ದ ಗುಟ್ಟು

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ನನ್ನ ಹೆಂಡತಿಯ ಫೋಟೋವನ್ನು ಒಂದು ಪ್ರಶ್ನೆ ಕೇಳಿದೆ. ಅದು ಇಡೀ ಬೀದಿಗೆ ಕೇಳಿಸಿತು.

ಫೋಟೋ ಜೊತೆ ಮಾತಾಡುವುದರಲ್ಲಿ ವಿಶೇಷವೇನಿಲ್ಲ. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಬಹಳ ಜನ ಮಾತಾಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಆದರೆ ಅವರೆಲ್ಲ ಮೆಲ್ಲಗೆ ಮಾತಾಡುತ್ತಾರೆ. ನನಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ನಮ್ಮದು ಪವರ್‌ಲೂಮ್ ಬೀದಿ.

ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಬಂದರೆ ನಮ್ಮೂರು. ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಮುಂದೆ ಮಗ್ಗ, ಹಿಂದೆ ಸಂಸಾರ. ಬೆಳಗಿನಿಂದ ಸಂಜೆಯವರೆಗೆ ಲಟಪಟ ಸದ್ದು. ಸ್ವಲ್ಪ ಉಪ್ಪು ಹಾಕು ಅನ್ನುವುದನ್ನೂ ಕೂಗಿಯೇ ಹೇಳಬೇಕು. ಹಾಗೆ ಕೂಗಿದರೂ ಪಕ್ಕದ ಮನೆಗೆ ಕೇಳಿಸುವುದಿಲ್ಲ, ಅಲ್ಲೂ ಮಗ್ಗ ಓಡುತ್ತಿರುತ್ತದೆ.

ಅಪಾಯ ಒಂದೇ. ಕರೆಂಟ್ ಹೋಗುವುದು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಬಾಯಿಗಳು ನಿಲ್ಲುವುದಿಲ್ಲ. ಆ ಕ್ಷಣ ಯಾರು ಯಾವ ಮಾತಿನ ನಡುವೆ ಇರುತ್ತಾರೋ, ಆ ಮಾತು ಊರಿನ ಆಸ್ತಿ. ಎಷ್ಟೋ ಅತ್ತೆ ಸೊಸೆಯರ ಸಂಗತಿ, ಒಂದೆರಡು ಮದುವೆ ಮುರಿದ ಕಾರಣ ನಮಗೆಲ್ಲ ಗೊತ್ತಾಗಿದ್ದು ಹಾಗೆಯೇ. (ಊರಿನ ವಾರ್ತೆಗಳು ಕತ್ತಲಲ್ಲಿ ಪ್ರಸಾರವಾಗುತ್ತವೆ ಅನ್ನಬಹುದು.)

ಮಂಗಳವಾರ ನಾನು ಕೂಗಿದ್ದು ಇಷ್ಟು: "ಈ ಸಲ ಯಾರಿಗೆ ವೋಟ್ ಹಾಕ್ಬೇಕು ಹೇಳೇ ಪದ್ಮಾ. ಒಂಬತ್ತ್ ವರ್ಷ ಎಲ್ಲಾನೂ ನೀನೇ ಹೇಳ್ದೆ, ನಾನ್ ಬರ್ಕೊಂಡೆ. ಈಗ ಪೇಪರ್‌ನೋರು ಕೇಳ್ತಾವ್ರೆ. ನಾನೇನಂತ ಬರೀಲಿ?"

"ಈ ಸಲ" ಅನ್ನುವಷ್ಟರಲ್ಲಿ ಕರೆಂಟ್ ಹೋಗಿತ್ತು. ಉಳಿದದ್ದೆಲ್ಲ ಬೀದಿಗೆ. ತಟ್ಟನೆ ನಿಲ್ಲುವುದು ಮಗ್ಗಕ್ಕೆ ಬರುತ್ತದೆ, ನನಗೆ ಬರುವುದಿಲ್ಲ.

ಬೀದಿಗೆ ಗೊತ್ತಾದದ್ದು ಓದುಗರಿಗೆ ಗೊತ್ತಾಗದಿದ್ದರೆ ಹೇಗೆ? ಆದ್ದರಿಂದ ಹೇಳಿಬಿಡುತ್ತೇನೆ. ಪೇಪರಿನ ಈ ಅಂಕಣದಲ್ಲಿ ನೀವು ಇಷ್ಟು ವರ್ಷ ಓದಿದ ಅಭಿಪ್ರಾಯಗಳಲ್ಲಿ ಒಂದೂ ನನ್ನದಲ್ಲ. ನಾನು ಮಗ್ಗದ ಮುಂದೆ ನಿಂತಿರುತ್ತಿದ್ದೆ. ಪದ್ಮಾವತಿ ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಾ ದೇಶದ ವಿಚಾರ ಕೂಗುತ್ತಿದ್ದಳು. ಸಂಜೆ ನಾನು ಕಾಗುಣಿತ ಸರಿಮಾಡಿ ಪೇಪರಿಗೆ ಕಳಿಸುತ್ತಿದ್ದೆ. ಅವಳದು ಏಳನೇ ಕ್ಲಾಸು, ನನ್ನದು ಎಸ್ಸೆಸ್ಸೆಲ್ಸಿ. ಹೆಸರು ನನ್ನದು ಬಿದ್ದದ್ದು ಅಷ್ಟೇ ಕಾರಣಕ್ಕೆ.

ನೆನಪಿದೆಯೇ, ಪಂಚಾಯ್ತಿ ನೀರಿನ ಕಂದಾಯ ಮನ್ನಾ ಮಾಡುತ್ತೇನೆ ಎಂದವರ ಬಗ್ಗೆ ಬರೆದದ್ದು? ಹಲವರು ಫೋನ್ ಮಾಡಿ ಹೊಗಳಿದ್ದಿರಿ. ಅವಳ ಮೂಲ ವಾಕ್ಯ ಹೀಗಿತ್ತು: "ಮನ್ನಾ ಮಾಡಕ್ಕೆ ಅವರಪ್ಪ ಬಾವಿ ತೋಡ್ಸವ್ನಾ? ಮೋಟ್ರು ಸುಟ್ಟೋದಾಗ ಯಾರ್ ದುಡ್ಡಲ್ಲಿ ಕಟ್ಟಿಸ್ತಾನಂತೆ?" ನಾನು ಅದನ್ನು "ನಿರ್ವಹಣಾ ವೆಚ್ಚವನ್ನು ಯಾರು ಭರಿಸಬೇಕು" ಎಂದು ಬರೆದು ಹಾಳು ಮಾಡಿದ್ದೆ.

ಕಂದಾಯ ಅವಳಿಗೆ ಹಬ್ಬದ ಹಾಗೆ. ಏಪ್ರಿಲ್ ಬಂದ ಕೂಡಲೇ ಮನೆ ಕಂದಾಯ ಕಟ್ಟಿ ಬರುತ್ತಿದ್ದಳು. ರಶೀದಿಯನ್ನು ದೇವರ ಫೋಟೋದ ಕೆಳಗೆ ತಂತಿಗೆ ಚುಚ್ಚುತ್ತಿದ್ದಳು. ಇಷ್ಟು ಅವಸರ ಯಾಕೆ, ರಿಯಾಯಿತಿ ಸಿಗುತ್ತದೆಂದೇ ಎಂದು ಒಮ್ಮೆ ಕೇಳಿದ್ದೆ. "ರಿಯಾಯ್ತಿಗಲ್ಲ ರೀ, ಬೈಯಕ್ಕೆ. ಕಟ್ಟಿದ್ಮೇಲೆ ವರ್ಷ ಪೂರ್ತಿ ಬೈಬೋದು" ಅಂದಳು. ಸರ್ಕಾರದ ಬಗ್ಗೆ ಇದಕ್ಕಿಂತ ಒಳ್ಳೆಯ ಸಿದ್ಧಾಂತ ನನಗಂತೂ ಗೊತ್ತಿಲ್ಲ.

ಹೆಂಗಸರಿಗೆ ಬಿಟ್ಟಿ ಬಸ್ಸು ಬಂದಾಗ ಅವಳಿಗೆ ಸಂಕಟವಾಯಿತು. ಘಾಟಿ ದೇವಸ್ಥಾನಕ್ಕೆ ಹೋಗಲೇಬೇಕು, ಬಿಟ್ಟಿ ಹೋಗಲು ಮನಸ್ಸಿಲ್ಲ. ಕೊನೆಗೆ ಬಿಟ್ಟಿ ಟಿಕೆಟಿನಲ್ಲೇ ಹೋಗಿ, ಬಸ್ ಚಾರ್ಜನ್ನು ಹುಂಡಿಗೆ ಹಾಕಿ ಬಂದಳು. ಹುಂಡಿಯ ದುಡ್ಡು ಬಸ್ಸಿಗೆ ಹೇಗೆ ತಲುಪುತ್ತದೆ ಎಂದು ಕೇಳಿದೆ. "ಅದ್ ದೇವ್ರಿಗೆ ಬಿಟ್ಟಿದ್ದು. ನನ್ ಲೆಕ್ಕ ಚುಕ್ತ" ಅಂದಳು.

ಆಸ್ಪತ್ರೆ ವಿಚಾರವೂ ಅವಳದೇ. "ಕಾರ್ಡ್ ಎಷ್ಟ್ ಬೇಕಾದ್ರೂ ಕೊಡ್ತಾರೆ. ಹೊಸ ಆಸ್ಪತ್ರೆ ಬ್ಯಾಡ, ಇರೋದ್ರ ಬೀಗ ತೆಗೀರಿ ಸಾಕು." ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬರುವ ನರ್ಸಮ್ಮ ಒಬ್ಬರೇ, ಅವರಿಗೆ ಊರುಗಳು ನಾಲ್ಕು. ಪಾಪ, ಅವರು ಯಾವ ಊರಲ್ಲಿದ್ದರೂ ಮೂರು ಊರಲ್ಲಿ ಬೀಗವೇ. ಪದ್ಮಾವತಿಗೆ ಬಿಪಿ ಇದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಕಿಡ್ನಿ ಕೈಕೊಟ್ಟಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ ಸಾಲಿಗಿಂತ ಉಚಿತ ಚಿಕಿತ್ಸೆಯ ಕಾರ್ಡಿನ ಸಾಲು ಉದ್ದವಿತ್ತು. ಕಾರ್ಡಿನಿಂದ ಅನುಕೂಲವಾಗಲಿಲ್ಲ ಎನ್ನಲಾರೆ, ಆಯಿತು. ಊರಲ್ಲೇ ತಿಂಗಳಿಗೊಮ್ಮೆ ಬಿಪಿ ನೋಡುವವರಿದ್ದಿದ್ದರೆ ಕಾರ್ಡೇ ಬೇಕಾಗುತ್ತಿರಲಿಲ್ಲ ಎಂಬುದು ಅವಳ ವಾದ. ಗಾಲಿಕುರ್ಚಿಯಲ್ಲಿ ಕೂತು "ಇದನ್ನ ಬರ್ಕೊಳ್ರಿ" ಅಂದಳು. ನನ್ನ ಜೇಬಿನಲ್ಲಿ ಪೆನ್ ಇರಲಿಲ್ಲ. ಮನೆಗೆ ಹೋದ ಮೇಲೆ ಹೇಳು ಅಂದೆ.

ಯುಗಾದಿಗೆ ಹದಿನೈದು ದಿನವಿತ್ತು. ಅವಳು ಮನೆಗೆ ಬರಲಿಲ್ಲ.

ಆಮೇಲಿನ ಏಳು ತಿಂಗಳು ನಾನು ಏನು ಬರೆದೆ? ಸೊಳ್ಳೆಯ ಬಗ್ಗೆ ಬರೆದೆ. ಹಲಸಿನ ಹಣ್ಣಿನ ಬಗ್ಗೆ ಬರೆದೆ. ತೆರೆಯಲಾಗದ ಬಸ್ಸಿನ ಕಿಟಕಿಗಳ ಬಗ್ಗೆ ಎರಡು ವಾರ ಬರೆದೆ. ಸಂಪಾದಕರು ಸಹಿಸಿಕೊಂಡರು. ಈಗ ಪಂಚಾಯ್ತಿ ಎಲೆಕ್ಷನ್ ಬಂತು. "ಈ ವಾರ ಕಿಟಕಿ ಬೇಡ ಸಾರ್, ಎಲೆಕ್ಷನ್ ಬರೀರಿ. ಗುರುವಾರದೊಳಗೆ ಬೇಕು" ಎಂದು ಫೋನ್ ಮಾಡಿದರು. ಫೋಟೋ ಎದುರು ನಾನು ಕೂಗಿದ್ದು ಅದಕ್ಕೇ.

ಕೂಗಿ ತಿರುಗಿದರೆ ಬಾಗಿಲಲ್ಲಿ ಅಭ್ಯರ್ಥಿಯೊಬ್ಬ ಕೈಮುಗಿದು ನಿಂತಿದ್ದ. (ಹೆಸರು ಬರೆಯುವುದಿಲ್ಲ. ಬರೆದರೆ ಎದುರಾಳಿಯದನ್ನೂ ಬರೆಯಬೇಕು, ಜಾಗ ಸಾಲದು.)

ಈತನಿಗೂ ನಮ್ಮ ಮನೆಗೂ ಹಳೆಯದೊಂದು ಸಂಗತಿ ಇದೆ. ಐದು ವರ್ಷದ ಹಿಂದೆಯೂ ಎಲೆಕ್ಷನ್‌ಗೆ ನಿಂತಿದ್ದ. ನಾಮಪತ್ರ ಹಾಕಲು ಬಾಕಿ ಇರಬಾರದಲ್ಲ, ಅಷ್ಟೂ ವರ್ಷದ ಮನೆ ಕಂದಾಯವನ್ನು ಒಂದೇ ದಿನ ಕಟ್ಟಿದ್ದ. ಆಗಲೂ ಹೀಗೇ ವೋಟು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಪದ್ಮಾವತಿ "ಎಲೆಕ್ಷನ್ ಬಂದಾಗ ಕಂದಾಯ ಕಟ್ಟೋನಿಗೆ" ಎಂದು ಕೂಗುತ್ತಿದ್ದಳು. ಕರೆಂಟ್ ಹೋಯಿತು. ಅವಳು ತಿರುಗಿ ಅವನ ಮುಖ ನೋಡಿದಳು. ಅದೇ ದನಿಯಲ್ಲಿ "ಯಾವನ್ ವೋಟ್ ಹಾಕ್ತಾನೆ" ಎಂದು ಮುಗಿಸಿದಳು. ಅರ್ಧಕ್ಕೆ ಬಿಟ್ಟರೆ ಬಂದವನು ಏನೇನೋ ಅಂದುಕೊಳ್ಳುತ್ತಾನೆ, ಅದು ಸರಿಯಲ್ಲ ಎಂದು ಆಮೇಲೆ ನನಗೆ ವಿವರಿಸಿದಳು. ಅದೇ ವಾಕ್ಯ ಆ ವಾರ ನನ್ನ ಅಂಕಣದ ಶೀರ್ಷಿಕೆಯೂ ಆಯಿತು. ಆತ ಸೋತ. ಅವಳಿಗೆ ಹೇಳಿಕೊಟ್ಟವನು ನಾನೇ ಎಂದುಕೊಂಡು ಅವತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದ.

ಈಗ ಕೈಮುಗಿದವನು ಕೈ ಇಳಿಸದೆ ಕೇಳಿದ. "ಅಣ್ಣ, ಹಂಗಾರೆ ಪೇಪರ್‌ನಾಗೆ ಬರ್ತಿದ್ದಿದ್ದೆಲ್ಲ ಅಕ್ಕಂದಾ?"

"ಹೂಂ ಕಣಪ್ಪ."

"ಐದ್ ವರ್ಷ ನಿಮ್ ಮೇಲೆ ಸಿಟ್ಟಿಟ್ಕೊಂಡಿದ್ನಲ್ಲಣ್ಣ. ಸುಮ್ನೆ ವೇಸ್ಟ್ ಆಯ್ತಲ್ಲ."

ಎದುರು ಮನೆಯ ರತ್ನಮ್ಮ ಜಗಲಿಯಿಂದಲೇ ನಕ್ಕಳು. ರತ್ನಮ್ಮ ಕೂಲಿಗೆ ಕಂಡಿಕೆ ಸುತ್ತುವವಳು, ಪದ್ಮಾವತಿಯ ಗೆಳತಿ. ಕರೆಂಟ್ ಇಲ್ಲದ್ದರಿಂದ ಅವಳಿಗೂ ಕೆಲಸವಿರಲಿಲ್ಲ. ಬೀದಿ ದಾಟಿ ಬಂದಳು.

"ಅಣ್ಣಯ್ಯ, ನೀವ್ ಬರ್ದಿರೋದು ಅಕ್ಕಂದು ಅರ್ಧನೇ. ಉಳಿದರ್ಧ ನನ್ ಜೊತೆ ಜಗಳ ಆಡಾವಾಗ ಹೇಳಿದ್ದು."

"ಏನ್ ಜಗಳ?"

"ಮನೆ ಯಜಮಾನಿಗೆ ತಿಂಗ್ಳಾ ಸರ್ಕಾರದ್ ದುಡ್ಡು ಬತ್ತದಲ್ಲ, ಅದು. ಅಕ್ಕ ಅರ್ಜಿನೇ ಹಾಕ್ಲಿಲ್ಲ. ನೀವು ದೊಡ್ಡದಾಗಿ ಬರುದ್ರಿ, ದುಡ್ಯೋರ್ಗೆ ಯಾಕೆ ಬಿಟ್ಟಿ ಅಂತ. ನಂಗ್ ಉರ್ದೋಯ್ತು. ಅಕ್ಕೋ, ನಿಮ್ಗೆ ಎರಡ್ ಮಗ್ಗ ಅವೆ, ಬ್ಯಾಡ ಅಂತೀರ. ನಂಗೆ ಎರಡ್ ಕೈ ಅಷ್ಟೆ ಅಂದೆ."

"ಏನಂದ್ಲು?"

"ನಿಂಗ್ ಬ್ಯಾಡ ಅಂತ ಯಾರಂದ್ರೇ? ನನ್ನಂಥೋಳೂ ಕೈ ಚಾಚುದ್ರೆ ನಿನ್ನಂಥೋಳ್ಗೆ ಎಷ್ಟ್ ದಿನ ಬತ್ತದೆ? ಅದ್ಕೇ ನಾನ್ ಬಿಟ್ಟಿದ್ದು ಅಂದ್ರು. ನನ್ ಅರ್ಜಿನೂ ಅವ್ರೇ ತುಂಬ್ಕೊಟ್ರು."

ನನಗೆ ಈ ಅರ್ಧ ಗೊತ್ತೇ ಇರಲಿಲ್ಲ. ನಾನು ಬರೆದ ಅರ್ಧಕ್ಕಿಂತ ಇದು ಚೆನ್ನಾಗಿತ್ತು. ಬೇಕಾದವರಿಗೆ ಉಳಿಯಲಿ ಎಂದು ಬೇಡದವರು ಬಿಡಬೇಕು. ಇಷ್ಟನ್ನು ಹೇಳಲು ನಾನು ನಾಲ್ಕು ವಾರ ಬರೆದು, ರತ್ನಮ್ಮನಂಥವರನ್ನು ನೋಯಿಸಿದ್ದೆ.

"ಇನ್ನೊಂದ್ ಕೇಳಿದ್ದೆ" ಅಂದಳು ರತ್ನಮ್ಮ. "ಮಗ್ಗದ ಕರೆಂಟ್‌ಗೆ ಸರ್ಕಾರದ ರಿಯಾಯ್ತಿ ಬತ್ತದಲ್ಲಕ್ಕ, ಅದು ಬ್ಯಾಡ್ವಾ ಅಂದೆ."

ಅಭ್ಯರ್ಥಿಯೂ ಮುಂದಕ್ಕೆ ಬಾಗಿದ. "ಅದ್ಕೇನಂದ್ರು ಅಕ್ಕ?"

"ಸುಮ್ನೆ ಕಂಡಿಕೆ ಸುತ್ತೇ ಅಂದ್ರು."

ಏಳು ತಿಂಗಳಲ್ಲಿ ನಾನು ಜೋರಾಗಿ ನಕ್ಕದ್ದು ಅದೇ ಮೊದಲು. ಕರೆಂಟ್ ಇರಲಿಲ್ಲ, ಅದೂ ಬೀದಿಗೆ ಕೇಳಿಸಿತು.

ನಗು ನಿಂತ ಮೇಲೆ ರತ್ನಮ್ಮ ಅಭ್ಯರ್ಥಿಯ ಕಡೆ ತಿರುಗಿದಳು. "ಅಕ್ಕ ಇದ್ದಿದ್ರೆ ಮೊದ್ಲು ಕಂದಾಯದ ರಶೀದಿ ತೋರ್ಸು ಅನ್ನೋರು. ಎಲ್ಲಪ್ಪ?"

ಆತ ಇದಕ್ಕೇ ಕಾಯುತ್ತಿದ್ದವನಂತೆ ಜೇಬಿಗೆ ಕೈ ಹಾಕಿದ. ಪ್ಲಾಸ್ಟಿಕ್ ಕವರಿನಲ್ಲಿ ಐದು ರಶೀದಿ. ಒಂದೊಂದು ಏಪ್ರಿಲಿಗೆ ಒಂದೊಂದು.

"ಅಕ್ಕ ಅವತ್ತು ಬೀದಿಗೆಲ್ಲ ಕೇಳ್ಸಂಗೆ ಅಂದ್ರಲ್ಲ, ಅವತ್ತಿಂದ ತಪ್ಸಿಲ್ಲ. ಅವ್ರಿಗೇ ತೋರ್ಸ್ಬೇಕು ಅಂತ ಇಟ್ಟಿದ್ದೆ" ಅಂದ. ಫೋಟೋ ಕಡೆ ಒಮ್ಮೆ ನೋಡಿದ. ಆಮೇಲೆ, ಅಭ್ಯರ್ಥಿಯಲ್ಲವೇ, ಕೇಳಿಯೇಬಿಟ್ಟ. "ನಿಮ್ದೆಲ್ಲಣ್ಣ?"

ನಾನು ಧೈರ್ಯವಾಗಿ ದೇವರ ಫೋಟೋದ ಕೆಳಗಿನ ತಂತಿಗೆ ಕೈ ಹಾಕಿದೆ. ಮೇಲಿನ ರಶೀದಿ ತೆಗೆದೆ. ಹೋದ ವರ್ಷದ್ದು. ಅದರ ಮೇಲೆ ಇನ್ನೊಂದಿರಲಿಲ್ಲ. ಏಪ್ರಿಲ್ ಬಂದು ಹೋಗಿತ್ತು. ಕಟ್ಟುವವಳು ಅಷ್ಟರಲ್ಲಿ ಇರಲಿಲ್ಲ. ಕಟ್ಟಬೇಕೆಂದು ನನಗೆ ಹೊಳೆಯಲೂ ಇಲ್ಲ.

ಒಂಬತ್ತು ವರ್ಷ ಊರಿಗೆಲ್ಲ ಕಂದಾಯದ ಪಾಠ ಹೇಳಿದ ಅಂಕಣಕಾರ ಬಾಕಿದಾರ. ಇಡೀ ಬೀದಿ ಕಿವಿಗೊಟ್ಟಿತ್ತು. ಇಂಥ ಹೊತ್ತಿನಲ್ಲಾದರೂ ಕರೆಂಟ್ ಬರಬಾರದೇ?

ಅಭ್ಯರ್ಥಿಗೇ ಪಾಪ ಅನಿಸಿತು. "ಬಿಡಣ್ಣ, ನಾನೇ ಕಟ್ಟಿಸ್ಬಿಡ್ಲಾ?"

"ಓಹೋ" ಅಂದಳು ರತ್ನಮ್ಮ. "ಇನ್ನೂ ಗೆದ್ದಿಲ್ಲ, ಆಗ್ಲೇ ಮನ್ನಾ ಶುರು."

ಆತ ರಶೀದಿಗಳನ್ನು ಜೇಬಿಗಿಟ್ಟು, ಕರಪತ್ರವೊಂದನ್ನು ಮಗ್ಗದ ಮೇಲಿಟ್ಟು ಹೊರಟ.

ಬುಧವಾರ ಪಕ್ಕದೂರಿನಲ್ಲಿರುವ ಪಂಚಾಯ್ತಿ ಆಫೀಸಿಗೆ ಹೋದೆ. ಹೇಳಲು ನಾಚಿಕೆಯಾಗುತ್ತದೆ, ಕಂದಾಯ ಕಟ್ಟಲು ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ನನ್ನ ಮುಂದೆ ಏಳೆಂಟು ಜನ ಗೋಡೆಗೆ ಒರಗಿ ನಿಂತಿದ್ದರು. ನಾನೂ ನಿಂತೆ. ಒಂದು ಗಂಟೆಯಾಯಿತು. ನನ್ನ ಸರದಿ ಬಂದಾಗ ಬಿಲ್ ಕಲೆಕ್ಟರ್ ಹಳೆಯ ರಶೀದಿ ನೋಡಿ ತಲೆಯೆತ್ತಿದರು.

"ಪದ್ಮಾವತಮ್ಮ ಬರ್ಲಿಲ್ವಾ ಸಾರ್? ಈ ಸಲ ಏಪ್ರಿಲ್‌ನಲ್ಲೂ ಕಾಣ್ಲಿಲ್ಲ."

"ಇಲ್ಲ" ಅಂದೆ. ಯುಗಾದಿಗೆ ಮುಂಚೆಯೇ ಹೋಗಿಬಿಟ್ಟಳು ಅಂದೆ.

ಅವರು ಪೆನ್ ಕೆಳಗಿಟ್ಟರು. "ವರ್ಷದ ಮೊದ್ಲ್ ರಶೀದಿ ಅವ್ರದೇ ಇರೋದು. ನಾವು ಬಾಗ್ಲು ತೆಗ್ಯೋಕ್ ಮುಂಚೆ ಬಂದು ನಿಂತಿರೋರು. ನಾನ್ ಬರ್ದ್ ಮುಗ್ಸೋವರ್ಗೂ ಸುಮ್ನಿರೋರು. ರಶೀದಿ ಕೈಗೆ ಬಂದ ತಕ್ಷಣ ಬೈಯೋಕ್ ಶುರು. ಬೀದಿ ದೀಪದಿಂದ ಹಿಡ್ದು ಚರಂಡಿವರ್ಗೂ."

ರಶೀದಿ ಬರೆದುಕೊಟ್ಟರು. ಮನೆ ಅವಳ ಹೆಸರಿನಲ್ಲಿದೆ. ಹಾಗಾಗಿ ರಶೀದಿಯಲ್ಲೂ "ಶ್ರೀಮತಿ ಪದ್ಮಾವತಿ ಇವರಿಂದ ಸಂದಾಯವಾಗಿದೆ" ಎಂದೇ ಇತ್ತು. ಖಾತೆ ಬದಲಾಯಿಸಿಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಇನ್ನೊಂದು ವರ್ಷ ಇರಲಿ ಅಂದೆ.

ರಶೀದಿ ಮಡಿಸಿ ಜೇಬಿಗಿಟ್ಟುಕೊಂಡೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನೀವೇನೂ ಬೈಯಲ್ವಾ ಸಾರ್?"

ಏನು ಬೈಯುವುದು? ಯೋಚನೆ ಮಾಡಿ ಹೇಳ್ತೀನಿ ಎಂದು ಬಂದೆ.

ಯೋಚನೆ ಮಾಡಿದೆ. ಇಂದು ಗುರುವಾರ, ಪೇಪರಿನವರ ಗಡುವು. ಯಾರಿಗೆ ವೋಟು ಎಂದು ನಾನು ಹೇಳಲಾರೆ. ಐದು ರಶೀದಿ ಇಟ್ಟುಕೊಂಡು ಬಂದವನನ್ನು ಅವಳು ಒಳಗೆ ಕರೆದು ಕೂರಿಸುತ್ತಿದ್ದಳು ಎಂಬುದಷ್ಟೇ ಗೊತ್ತು. ಕೂರಿಸಿ, ಉಪಕೇಂದ್ರದ ಬೀಗದ ಬಗ್ಗೆ ಕೇಳುತ್ತಿದ್ದಳು. ಆ ಪ್ರಶ್ನೆಯನ್ನು ನೀವೂ ನಿಮ್ಮ ಬಾಗಿಲಿಗೆ ಬಂದವರನ್ನು ಕೇಳಿ. ಅದು ಅವಳದು, ನಾನು ಬರೆದುಕೊಳ್ಳದೆ ಬಿಟ್ಟದ್ದು.

ಒಂದು ಗಂಟೆ ನಿಂತದ್ದಕ್ಕೆ ನನ್ನ ಮಂಡಿ ಇನ್ನೂ ಹಿಡಿದುಕೊಂಡಿದೆ. ಇಪ್ಪತ್ತಾರು ವರ್ಷ, ಪ್ರತಿ ಏಪ್ರಿಲ್‌ನಲ್ಲೂ ಅವಳು ಅದೇ ಗೋಡೆಯ ಪಕ್ಕ ನಿಂತಿದ್ದಳು. ಕಾಲು ಊದಿಕೊಂಡಿದ್ದ ಹೋದ ವರ್ಷವೂ ನಿಂತಿದ್ದಳು. ಬೀದಿ ದೀಪಕ್ಕೆ ಬೈದಳು, ಚರಂಡಿಗೆ ಬೈದಳು, ಇದೊಂದನ್ನು ಯಾಕೋ ಹೇಳಲಿಲ್ಲ. ಆದ್ದರಿಂದ ಈ ಅಂಕಣದಲ್ಲಿ ನನ್ನ ಮೊದಲ ಸ್ವಂತ ಅಭಿಪ್ರಾಯವನ್ನು, ಕಂದಾಯ ಕಟ್ಟಿದವನ ಹಕ್ಕಿನಿಂದ, ಕರೆಂಟ್ ಹೋದಾಗ ಇಡೀ ಬೀದಿಗೆ ಕೇಳಿಸುವ ದನಿಯಲ್ಲಿ ಹೇಳುತ್ತಿದ್ದೇನೆ.

ಕಂದಾಯ ಕಟ್ಟಲು ಬಂದವರು ಕೂರುವುದಕ್ಕೆ ಅಲ್ಲೊಂದು ಬೆಂಚು ಯಾಕಿಲ್ಲ?