ಇಟಲಿಯ ಗುಡ್ಡದ ಮೇಲೆ ಎರಡು ಬಟ್ಟಲು

ಕುಡಿದವನು ನೀನೊಬ್ಬನೇ ಅಲ್ಲ, ಶರಣಪ್ಪ. ಮೊದಲು ಕುಡಿದವನು ನಾನು. ನಿನಗೆ ಕುಡಿಸಿದವನೂ ನಾನೇ. ಇಷ್ಟು ಹೇಳಲು ಮೂವತ್ತು ವರ್ಷ ಬೇಕಾಯಿತಲ್ಲ — ಈ ನಾಲಿಗೆಯ ಮೇಲೆ ನನಗಿರುವ ಸಿಟ್ಟು ನಿನಗೂ ಇರಲಿಕ್ಕಿಲ್ಲ.

ಆಗ ನಿಜಾಮರ ಕಾಲ. ಮಸ್ಕಿ ಬಿಟ್ಟು ಹೋಗಿ ಇಬ್ಬರೂ ಇಂಗ್ರೇಜರ ಫೌಜಿನಲ್ಲಿ ಲಾರಿ ಓಡಿಸುತ್ತಿದ್ದೆವು. ಇಟಲಿಯಲ್ಲಿ ಯುದ್ಧ ಮುಗಿದು ಒಂದು ದಿನ ರಜೆ ಸಿಕ್ಕಿತು. ಆ ಗುಡ್ಡದ ಜನ ಹೇಗೆ ಬದುಕುತ್ತಾರೆ, ಏನುಣ್ಣುತ್ತಾರೆ ನೋಡೋಣವೆಂದು ದ್ರಾಕ್ಷಿ ತೋಟಗಳ ನಡುವೆ ನಿನ್ನನ್ನು ಎಳೆದುಕೊಂಡು ಹತ್ತಿದೆ. ತುದಿಯ ಮನೆಯ ಮುದುಕಿ ಒಳಗೆ ಕರೆದಳು. ಮೆಕ್ಕೆಜೋಳದ ಹಿಟ್ಟನ್ನು ಕೋಲಿನಿಂದ ತಿರುವಿ, ಹಲಗೆಯ ಮೇಲೆ ಸುರಿದು, ದಾರದಿಂದ ಕೊಯ್ದಳು.

"ಅಯ್ಯ, ಇದು ನಮ್ಮವ್ವನ ಸಂಗಟಿನ ಅಲ್ಲೇನಲೇ!" ಎಂದು ನೀನು ನಕ್ಕೆ. "ಅಕಿಗೆ ದಾರ ಒಂದು ಹೊಳದಿಲ್ಲ ನೋಡು."

ಆಮೇಲೆ ಅವಳು ತನ್ನ ತೋಟದ ದ್ರಾಕ್ಷಿಯ ಮದ್ಯ ಸುರಿದಳು. ಬಂದವರು ಕುಡಿಯದೆ ತಾನು ತುತ್ತು ಎತ್ತುವಂತಿಲ್ಲವೆಂದು ಸನ್ನೆ ಮಾಡಿದಳು. ನಾನು ಬಟ್ಟಲು ಬರಿದು ಮಾಡಿದೆ. ನೀನು ಕೊರಳ ಲಿಂಗ ಹಿಡಿದು ಕುಳಿತೆ.

"ಕುಡೀಲೇ, ಮುದುಕಿ ಉಪಾಸ ಕುಂತಾಳ. ಊರಾಗ ನಾ ಬಾಯಿ ಬಿಟ್ಟರ ಕೇಳು!"

ನೀನು ಕಣ್ಣು ಮುಚ್ಚಿ ಕುಡಿದೆ — ಅವಳ ಹಸಿವಿಗಾಗಿ, ನನ್ನ ಮಾತನ್ನು ನಂಬಿ.

ಬಾಯಿ ಬಿಟ್ಟವನು ನಾನೇ. ಊರ ಕಟ್ಟೆಯ ಮೇಲೆ ಇಟಲಿಯ ಕಥೆ ಹೇಳುತ್ತ, ಜನ ನಗಲಿ ಎಂದು — ಬರೀ ನಗಲಿ ಎಂದು! — ನಿನ್ನ ಮುಚ್ಚಿದ ಕಣ್ಣನ್ನು ಅಣಕಿಸಿ ತೋರಿಸಿದೆ. ಬಿದ್ದು ಬಿದ್ದು ನಕ್ಕ ಹಿರಿಯರೇ ಮರುದಿನ ಇಬ್ಬರನ್ನೂ ಕರೆಸಿದರು.

"ಮತ್ತ ನೀ?" ಎಂದು ಗೌಡರು ನನ್ನತ್ತ ತಿರುಗಿದರು.

"ಶಿವಶಿವಾ! ನಾ ಮುಟ್ಟಿಲ್ಲರೀ ಗೌಡ್ರ. ಅಂವ ಒಬ್ಬನ ಕುಡದಾನ."

ನೀನು ನನ್ನತ್ತ ನೋಡಿದೆ. ಒಂದು ಮಾತು ಆಡಿದ್ದರೆ — ನೀನು ಎದ್ದು ಹೊರಟುಹೋದೆ. ಅಂದಿನಿಂದ ಪಂಕ್ತಿಯಲ್ಲಿ ನಿನಗೆ ಎಲೆಯಿಲ್ಲ. ನಿನ್ನ ತಂಗಿಯ ಮದುವೆಯಲ್ಲೇ ನೀನು ಕೊಟ್ಟಿಗೆಯ ಮುಂದೆ ಕುಳಿತು ಉಂಡೆ. ನಾನು ಒಳಗೆ ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಂಡೆ. ಥೂ! ಆಮೇಲೆ ನೀನು ಲಿಂಗಸುಗೂರಿಗೆ ಹೋದವನು ಈ ಊರಿನ ಯಾವ ಊಟಕ್ಕೂ ಬರಲಿಲ್ಲ.

ಇಷ್ಟು ವರ್ಷ ಆ ಹಿರಿಯರನ್ನೇ ಬೈದು ನಾನು ಬಚಾವಾದೆ. ಸಾಕು. ನಾಳೆ ನನ್ನ ಮೊಮ್ಮಗನ ತೊಟ್ಟಿಲು. ಊರೆಲ್ಲ ಪಂಕ್ತಿಗೆ ಕೂತಾಗ ಎರಡೂ ಬಟ್ಟಲಿನ ಮಾತನ್ನು ಹೇಳುತ್ತೇನೆ, ಯಾರನ್ನೂ ನಗಿಸದೆ. ಆಮೇಲೆ ನನ್ನ ಎಲೆ ಎತ್ತಿಕೊಂಡು ಕೊಟ್ಟಿಗೆಯ ಮುಂದೆ ಹೋಗಿ ಕೂರುತ್ತೇನೆ.

ಸುದ್ದಿ ಕೇಳಿ ಮುಂದೆ ಯಾವುದಾದರೂ ಊಟಕ್ಕೆ ನೀನು ಬಂದರೂ ಬರಬಹುದು. ಬಂದರೆ ಒಳಗೆ ಕೂತು ಉಣ್ಣು. ನನ್ನ ಪಕ್ಕಕ್ಕೆ ಮಾತ್ರ ಬರಬೇಡ.