ಅಕ್ಕ ಇಟ್ಟ ಅರವತ್ತು ದಿನದ ಗಡುವು

ಹೋದ ತಿಂಗಳು ಗುಜರಿ ಕೊಳ್ಳಲು ಹೋಗಿದ್ದಾಗ ಹಳೆಯ ಕಂಪ್ಯೂಟರ್ ಪರದೆಗಳ ರಾಶಿಯಿಂದ ಒಂದನ್ನು ಎತ್ತಿ ಮೂಸಿ ನೋಡಿದೆ. ತೂಕಕ್ಕಿಂತ ಮೊದಲು ವಾಸನೆ ನೋಡುವುದು ನನ್ನ ಹಳೆಯ ಅಭ್ಯಾಸ. ಸುಟ್ಟ ವಾಸನೆ ಬಂದರೆ ದರ ಇಳಿಸಲು ಒಂದು ದಾರಿ ಸಿಕ್ಕುತ್ತದೆ. ಇದರಲ್ಲಿ ಸುಟ್ಟ ವಾಸನೆ ಇರಲಿಲ್ಲ. ಹಿಂಬದಿಯ ಸೀಳುಗಳಿಂದ ಧೂಳಿನ ಜೊತೆಗೆ ಊದುಬತ್ತಿಯ ಪರಿಮಳ ಬಂತು. ಮೇಲೆ ಮಾಸಿದ ಕುಂಕುಮದ ಬೊಟ್ಟು. ಯಾವುದೋ ಕಚೇರಿಯಲ್ಲಿ ಆಯುಧಪೂಜೆಗೆ ಇಟ್ಟದ್ದಿರಬೇಕು... ಗುಜರಿಯವನು ದರ ಹೇಳಿದ, ನಾನು ಹೂಂ ಅಂದೆ. ಮಾರುವವನ ಮೊದಲ ದರಕ್ಕೆ ನಾನು ಒಪ್ಪಿದ್ದು ಬದುಕಿನಲ್ಲಿ ಅದೊಂದೇ ಸಲ.

ನನಗೆ ನಮ್ಮ ಕಂಪ್ಯೂಟರ್ ಅಕ್ಕ ನೆನಪಾಗಿದ್ದರು.

ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಗಳಲ್ಲಿ ತಳ್ಳುಗಾಡಿ ಇಟ್ಟುಕೊಂಡು ಹಳೇ ಕಬ್ಬಿಣ ಕೊಳ್ಳುತ್ತಿದ್ದವನು ನಾನು. ಹಾಗೇ ಮೇಲೆ ಬಂದು, ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ, ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಎರಕದ ಕಾರ್ಖಾನೆ ನಡೆಸುತ್ತಿದ್ದೆ. ಖಾಲಿಯಾಗುತ್ತಿದ್ದ ಒಂದು ಕಚೇರಿಯಿಂದ ದೊಡ್ಡ ಕಂಪ್ಯೂಟರೊಂದನ್ನೂ ಅದಕ್ಕೆ ತಂತಿಯಲ್ಲಿ ಸೇರಿಸುವ ಮೂರು ಪರದೆಗಳನ್ನೂ ಚೌಕಾಸಿ ಮಾಡಿ ತಂದಿದ್ದೆ. ಒಂದನ್ನು ನನ್ನ ಕೋಣೆಯಲ್ಲಿ, ಒಂದನ್ನು ಗೇಟಿನಲ್ಲಿ, ಇನ್ನೊಂದನ್ನು ಸ್ಟೋರ್ಸಿನಲ್ಲಿ ಇಡುವ ಯೋಚನೆ. ತಂದ ಮೇಲೆ ಗೊತ್ತಾಯಿತು, ಅದು ಯುನಿಕ್ಸ್ ಜಾತಿಯದು, ಶಿವಮೊಗ್ಗದಲ್ಲಿ ಅದನ್ನು ಬಲ್ಲವರು ಅಪರೂಪ. ಹುಡುಕುತ್ತ ಹೋದಾಗ ಸಿಕ್ಕವರು ಭದ್ರಾವತಿಯ ಜನ್ನಾಪುರದ ಈ ಅಕ್ಕ. ಯಾವುದೋ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆ ವಿಭಾಗವೇ ಮುಚ್ಚಿದ ಮೇಲೆ ಮನೆಯಲ್ಲಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬಂದು ನೋಡಿಕೊಳ್ಳುತ್ತೇನೆ ಎಂದು ಒಪ್ಪಿದರು.

ಬಂದ ದಿನವೇ ಒದ್ದೆ ಬಟ್ಟೆ ಕೇಳಿದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರಲಿ ಎಂದು ನಾನು ಯಂತ್ರ ಮಾರಿದವರ ಕೈಯಲ್ಲೇ ನಮ್ಮ ಮನೆದೇವರ ಹೆಸರನ್ನು ಇಡಿಸಿ, ಮರೆಯದಿರಲಿ ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದೆ. ಅದನ್ನು ಒರೆಸಿ ಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆ ಇರಬೇಕು, ಮೂವತ್ತು ದಿನಕ್ಕೊಮ್ಮೆ ಬದಲಾಗಬೇಕು ಎಂದರು. ವರ್ಷಕ್ಕೊಮ್ಮೆ ಸಾಕು ಎಂದೆ ನಾನು. ಎಂಟು ಅಕ್ಷರಕ್ಕೆ ಕಡಿಮೆ ಆಗಬಾರದು ಎಂದರೆ, ಐದಕ್ಕೆ ಮುಗಿಸಿ ಎಂದೆ. ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಅರ್ಧ ದಿನ ಎಳೆದಾಡಿದೆವು. ದಿನದ ಲೆಕ್ಕದಲ್ಲಿ ಮೂವತ್ತನ್ನು ಅರವತ್ತಕ್ಕೆ ಸಡಿಲಿಸಿದರು. ಎಂಟು ಅಕ್ಷರದಲ್ಲಿ ಒಂದನ್ನೂ ಬಿಡಲಿಲ್ಲ. ನಡುವೆ ಒಂದಾದರೂ ಅಂಕಿ ಬೇಕು, ಹಳೆಯದನ್ನೇ ಮತ್ತೆ ಹಾಕುವಂತಿಲ್ಲ, ಗಡುವಿಗೆ ಏಳು ದಿನ ಮುಂಚಿನಿಂದ ಯಂತ್ರ ಎಚ್ಚರಿಸುತ್ತದೆ, ಗಡುವು ದಾಟಿ ಮೂರು ದಿನ ಸುಮ್ಮನಿದ್ದರೆ ಅವರ ಪಾಲಿಗೆ ಯಂತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ... ಎಲ್ಲವನ್ನೂ ಯಂತ್ರಕ್ಕೆ ಹೇಳಿ ಇಟ್ಟರು. ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ: ಎದುರಿನವರು ಯಾವುದನ್ನು ಬಿಟ್ಟುಕೊಡುವುದಿಲ್ಲವೋ ಅದರಲ್ಲೇ ಸರಕಿನ ಜೀವ ಇರುತ್ತದೆ. ಅದರ ಮೇಲೆ ಕೈ ಇಡಬೇಡಿ.

ಸ್ಟೋರ್ಸಿನ ಪರದೆಯ ಮುಂದೆ ಕೂರುತ್ತಿದ್ದವರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಭದ್ರಾವತಿಯ ದೊಡ್ಡ ಕಾರ್ಖಾನೆಯೊಂದರಲ್ಲಿ ಎರಕದ ಅಚ್ಚುಗಳ ಕೋಣೆ ನೋಡಿಕೊಂಡಿದ್ದು, ನಿವೃತ್ತಿಯ ವಯಸ್ಸಿಗೆ ಮುಂಚೆಯೇ ಕೆಲಸ ಬಿಟ್ಟು ಬಂದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಇಂಗ್ಲಿಷಿನ ದಪ್ಪ ಕ್ಯಾಪಿಟಲ್ ಅಕ್ಷರಗಳು ಅಚ್ಚಿನ ನಂಬರುಗಳಿಂದಾಗಿ ಗೊತ್ತು, ಇಂಗ್ಲಿಷ್ ಮಾತು ಗೊತ್ತಿಲ್ಲ. ಮೊದಲ ದಿನ ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಮಾಮ ಕೀಲಿಗಳನ್ನು ಗುದ್ದಿದರು, ಕೀಬೋರ್ಡನ್ನು ತಲೆಕೆಳಗು ಮಾಡಿ ಅಕ್ಕಿಯ ಕಲ್ಲು ಉದುರಿಸುವ ಹಾಗೆ ಕೊಡವಿದರು. ಕೆಟ್ಟ ಮಾಲು ಎಂದು ನಾನೂ ಕಿರುಚಾಡಿದೆ. ಅಕ್ಕ ಸಮಾಧಾನವಾಗಿ, ದನದ ವ್ಯಾಪಾರದಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವುದಿಲ್ಲವೇ, ಪಕ್ಕದಲ್ಲಿ ನಿಂತವನಿಗೆ ಕಂಡರೆ ಅದೆಂಥ ವ್ಯಾಪಾರ, ಇದೂ ಹಾಗೇ ಎಂದರು. ಮಾಮನಿಗೂ ನನಗೂ ಅವತ್ತೇ ಅರ್ಥವಾಯಿತು.

ಆ ವರ್ಷದ ನವರಾತ್ರಿಯಲ್ಲಿ ತೊಂದರೆ ಆಯಿತು. ಮಾಮನ ಮೊದಲ ಗಡುವು ಹಬ್ಬದ ಹೊತ್ತಿಗೆ ಬಂದಿತ್ತು. ಯಂತ್ರ ಏಳು ದಿನವೂ ಎಚ್ಚರಿಸಿತು, ಆದರೆ ಇಂಗ್ಲಿಷಿನಲ್ಲಿ, ಅದೂ ಕಣ್ಣು ಮಿಟುಕಿಸುವುದರೊಳಗೆ. ಮುಂದಿನ ಪುಟ ಬಂದು ಅದನ್ನು ಒರೆಸಿಬಿಡುತ್ತಿತ್ತು. ಯಂತ್ರ ನಮಸ್ಕಾರ ಹೇಳುತ್ತಿದೆ ಎಂದುಕೊಂಡರಂತೆ ಮಾಮ. ಆಯುಧಪೂಜೆಗೆ ಕುಲುಮೆ, ತಕ್ಕಡಿ, ಲೇತುಗಳ ಜೊತೆ ಪರದೆಗಳಿಗೂ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳ ಒಡೆದು ಮಂಡಕ್ಕಿ ಹಂಚಿದೆವು. ಪೂಜೆಗೆ ಇಟ್ಟ ಆಯುಧವನ್ನು ಹಬ್ಬ ಮುಗಿಯುವ ತನಕ ಯಾರು ಮುಟ್ಟುತ್ತಾರೆ? ವಿಜಯದಶಮಿ ಕಳೆದು, ಭಾನುವಾರದ ರಜೆಯೂ ಕಳೆದು ಬಂದು ನೋಡಿದರೆ ಮಾಮನಿಗೆ ಬಾಗಿಲು ಮುಚ್ಚಿತ್ತು. ಹೊರಗೆ ಮಾಲು ತುಂಬಲು ಬಂದ ಲಾರಿ. ಸ್ಟೋರ್ಸಿನ ಯಂತ್ರದಿಂದ ಚೀಟಿ ಬಾರದೆ ಒಂದು ತುಂಡೂ ಹೊರಗೆ ಹೋಗುವಂತಿಲ್ಲ ಎಂಬುದು ನಾನೇ ಮಾಡಿದ ಕಟ್ಟಳೆ. ಡ್ರೈವರ್ ನಿಮಿಷಕ್ಕೊಮ್ಮೆ ಹಾರ್ನ್ ಒತ್ತುತ್ತಿದ್ದ.

ನನ್ನ ಭಾಮೈದ ಬಿ.ಕಾಂ ಓದಿ ಮನೆಯಲ್ಲಿದ್ದ. ನಾಳೆಯಿಂದ ಆ ಕುರ್ಚಿಯಲ್ಲಿ ಅವನು ಕೂರಲಿ, ಮಾಮ ಲೆಕ್ಕ ತೀರಿಸಿಕೊಂಡು ಹೋಗಲಿ ಎಂದು ಎಲ್ಲರೆದುರೇ ಹೇಳಿದೆ. ಮಾಮ ಕನ್ನಡಕ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ಮರಳಿನ ರಾಶಿಯ ಹತ್ತಿರ ನಿಂತರು. ಆ ವಯಸ್ಸಿನಲ್ಲಿ ಇನ್ನೊಂದು ಕಡೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಕ್ಕ ಬಸ್ಸಿಳಿದು ಬಂದರು, ಮುಚ್ಚಿದ್ದನ್ನು ತೆರೆದರು, ಲಾರಿ ಹೋಯಿತು. ಆಮೇಲೆ ನನ್ನ ಕೋಣೆಗೆ ಬಂದು, ಮಾಮನನ್ನು ಕುರ್ಚಿಯಿಂದ ಯಾಕೆ ಎಬ್ಬಿಸಿದಿರಿ ಎಂದು ಕೇಳಿದರು.

“ಮಶೀನು ಏಳು ದಿನ ಬಡ್ಕೊಂಡಿದೆ ಅಕ್ಕ. ಓದಕ್ಕೇ ಬರದವರನ್ನ ಇಟ್ಕೊಂಡು ನಾನೇನು ಮಾಡ್ಲಿ?”

“ಅವರಿಗೆ ಬರದ ಭಾಷೇಲಿ ಬಡ್ಕೊಂಡಿದೆ. ಅದನ್ನ ಹಾಗೇ ಬಿಟ್ಟವಳು ನಾನು. ಹಬ್ಬದಲ್ಲಿ ಯಾರೂ ಮುಟ್ಟಲ್ಲ ಅಂತ ಗೊತ್ತಿದ್ದೂ ಮೂರೇ ದಿನ ಇಟ್ಟವಳೂ ನಾನೇ. ಎಬ್ಬಿಸೋದಾದ್ರೆ ನನ್ನ ಮೊದಲು ಎಬ್ಬಿಸಿ ಸಾವ್ಕಾರ್ರೇ.”

ಅಕ್ಕ ಹೋದರೆ ಇಡೀ ಯಂತ್ರ ಗುಜರಿ. ನಾನು ಸ್ವಲ್ಪ ಇಳಿದು, ಹಾಗಾದರೆ ಮಾಮನೊಬ್ಬರಿಗೆ ಗಡುವೇ ಇಲ್ಲದ ಹಾಗೆ ಮಾಡಿಬಿಡಿ ಮಾರಾಯ್ರೆ, ಹಳೆಯದೇ ಇರಲಿ ಎಂದೆ. ದೊಡ್ಡ ಮನಸ್ಸು ಮಾಡಿದೆ ಅಂದುಕೊಂಡಿದ್ದೆ. ಅಕ್ಕ ಅದಕ್ಕೂ ಒಪ್ಪಲಿಲ್ಲ.

“ಅವರೊಬ್ಬರಿಗೆ ಸಡಿಲ ಬಿಟ್ರೆ, ನಾಳೆ ಸ್ಟೋರ್ಸಲ್ಲಿ ಏನು ಕಳೆದ್ರೂ ಎಲ್ಲರೂ ಬೆರಳು ತೋರ್ಸೋದು ಅವರ ಕಡೆಗೇ. ಅದು ಉಪಕಾರ ಅಲ್ಲ.”

ಕೊನೆಗೆ ಅವರೇ ಒಂದು ಕರಾರು ಮುಂದಿಟ್ಟರು. ಮುಂದಿನ ಅರವತ್ತು ದಿನದ ಗಡುವಿಗೆ ಮಾಮ ಯಾರ ಸಹಾಯವೂ ಇಲ್ಲದೆ ತಾವೇ ಬದಲಾಯಿಸಬೇಕು. ಆಗಲಿಲ್ಲವೋ, ಇಬ್ಬರೂ ಅವತ್ತೇ ಭದ್ರಾವತಿ ಬಸ್ಸು ಹತ್ತುತ್ತೇವೆ. ಅಷ್ಟರೊಳಗೆ ಯಂತ್ರ ಬಲ್ಲ ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದು ಎಂದು ನಾನು ಲೆಕ್ಕ ಹಾಕಿ ಒಪ್ಪಿದೆ. ಭಾಮೈದನಿಗೆ ಎರಡು ತಿಂಗಳು ತಡೆ ಎಂದೆ.

ಅಕ್ಕ ಗಡುವು ಮೀರಿದ ಮೇಲಿನ ಮೂರು ದಿನವನ್ನು ಹದಿನೈದು ಮಾಡಿದರು. ಎಚ್ಚರಿಕೆಯ ಸಾಲನ್ನು ತಾವೇ ಬರೆದರು: ಯಂತ್ರಕ್ಕೆ ಕನ್ನಡ ಲಿಪಿ ಬಾರದ್ದರಿಂದ ಅಕ್ಷರ ಇಂಗ್ಲಿಷಿನ ದಪ್ಪ ಅಕ್ಷರ, ಮಾತು ಕನ್ನಡದ್ದು. ಮಾಮ ಓದಿ ಒಂದು ಕೀಲಿ ಒತ್ತುವವರೆಗೆ ಅದು ಅಲ್ಲಾಡುತ್ತಿರಲಿಲ್ಲ. ಹಳೆಯದನ್ನು ಒತ್ತಿ, ಹೊಸದನ್ನು ಒತ್ತಿ, ಅದನ್ನೇ ಇನ್ನೊಮ್ಮೆ ಒತ್ತಿ ಎಂದು ಒಂದೊಂದನ್ನೂ ಯಂತ್ರ ಕನ್ನಡದಲ್ಲೇ ಕೇಳುವ ಹಾಗೆ ಮಾಡಿದರು. ಅಭ್ಯಾಸಕ್ಕೆಂದು ಬೇರೆ ಹೆಸರಿನ ಒಂದು ಖಾತೆಯನ್ನೂ ಯಂತ್ರದಲ್ಲಿ ತೆರೆದುಕೊಟ್ಟರು. ಊಟದ ಹೊತ್ತಿನಲ್ಲಿ ಮಾಮ ಅದರ ಮುಂದೆ ಕೂತಿರುತ್ತಿದ್ದರು. ಮಾಮ ಎಸ್ಸೆಸ್ಸೆಲ್ಸಿ ಕಟ್ಟಿದಾರೆ, ಈ ಸಲನಾದ್ರೂ ಪಾಸಾಗ್ತಾರಾ ನೋಡಬೇಕು ಎಂದು ಅಚ್ಚು ಕಟ್ಟುವ ಕೆಲಸದವರು ಗೇಲಿ ಮಾಡುತ್ತಿದ್ದರು.

ಆ ದಿನ ಬಂತು. ಮಾಮ ಕುರ್ಚಿಯಲ್ಲಿ ಕೂತರು, ನಾನು ಬೆನ್ನ ಹಿಂದೆ ಹೋಗಿ ನಿಂತೆ.

“ಸಾವ್ಕಾರ್ರೇ, ತಿರುಗಿ ನಿಂತ್ಕೊಳಿ” ಎಂದರು ಅಕ್ಕ.

“ನನ್ನ ಮಶೀನು ಕಣ್ರೀ ಇದು.”

“ಮಶೀನು ನಿಮ್ಮದು. ಬೆರಳು ಅವರದು.”

ಅಷ್ಟು ಹೇಳಿ ಅವರೇ ಮೊದಲು ಗೋಡೆಯ ಕಡೆ ತಿರುಗಿದರು. ನಾನೂ ತಿರುಗಿದೆ. ಇಬ್ಬರೂ ಸುಣ್ಣದ ಗೋಡೆ ನೋಡುತ್ತ ನಿಂತೆವು. ಕೀಲಿಗಳ ಸದ್ದು ನಿಧಾನವಾಗಿ ಕೇಳಿತು, ನಿಂತಿತು. ಯಂತ್ರ ಒಮ್ಮೆ ಕುಯ್ಯೆಂದಿತು. “ಇದು... ಚಿಕ್ಕದಾಯ್ತು... ಇನ್ನೂ... ಉದ್ದ... ಬೇಕು” ಎಂದು ಮಾಮ ಅಕ್ಷರ ಕೂಡಿಸಿ ಓದಿದರು. ನನಗೆ ತಿರುಗಿ ನೋಡಬೇಕೆಂದು ಕುತ್ತಿಗೆ ತುರಿಸುತ್ತಿತ್ತು. ಅಕ್ಕನ ಕಡೆ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದರು, ಬೆರಳು ಬೆಳ್ಳಗಾಗಿತ್ತು. ಮತ್ತೆ ಸದ್ದು. ಮತ್ತೆ ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ...

“ಒಳಗೆ ಬಿಡ್ತಮ್ಮಾ” ಎಂದರು ಮಾಮ.

ಭಾಮೈದನಿಗೆ ಸ್ನೇಹಿತರೊಬ್ಬರ ಲೇತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೊಡಿಸಿದೆ. ಮಾಮ ಕಣ್ಣು ಮಂಜಾಗುವ ತನಕ ಆ ಕುರ್ಚಿಯಲ್ಲೇ ಇದ್ದರು. ಸ್ಟೋರ್ಸಿನ ವಿಷಯದಲ್ಲಿ ಅವರ ಮೇಲೆ ಒಂದು ಮಾತೂ ಬರಲಿಲ್ಲ. ಆ ಯಂತ್ರಕ್ಕೆ ವಯಸ್ಸಾಯಿತು, ಹೊಸವು ಬಂದವು, ನೋಡಿಕೊಳ್ಳಲು ಹೊರಗಿನ ಕಂಪನಿಯವರು ಬಂದರು. ಇನ್ನು ನನ್ನ ಕೆಲಸ ಇಲ್ಲ ಎಂದು ಅಕ್ಕನೇ ಹೇಳಿ ಬರುವುದು ನಿಲ್ಲಿಸಿದರು.

ಹೋದ ವರ್ಷ ಮಾಮ ಫೋನ್ ಮಾಡಿ ಅಕ್ಕ ತೀರಿಹೋದ ಸುದ್ದಿ ತಿಳಿಸಿದರು. ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಜನ್ನಾಪುರಕ್ಕೆ ಹೋಗಿ ಬಂದೆ. ಮಾಮನನ್ನು ಮನೆಗೆ ಬಿಡಲು ಹೋಗುವಾಗ ದಾರಿಯಲ್ಲಿ ಅವರು ಹೇಳಿದರು:

“ಅವತ್ತು ನಾನು ತಪ್ಪಿದ್ರೆ ಆಯಮ್ಮನ ಕೆಲಸಾನೂ ಹೋಗ್ತಿತ್ತು. ಆದ್ರೂ ತಿರುಗಿ ನೋಡ್ಲಿಲ್ಲ. ಆಮೇಲೂ ಒಂದ್ಸಲಾನೂ ಪಾಸ್‌ವರ್ಡ್ ಏನಿಟ್ರಿ ಮಾಮ ಅಂತ ಕೇಳ್ಲಿಲ್ಲ.” ನನ್ನ ಕಡೆ ತಿರುಗಿ, “ಈಗ ನಿಮಗಾದ್ರೂ ಹೇಳ್ಬಿಡ್ತೀನಿ ಸಾವ್ಕಾರ್ರೇ” ಎಂದರು.

ಬಜಾರಿನಲ್ಲಿ ಪಕ್ಕದ ಅಂಗಡಿಯವನ ಅಸಲು ಬೆಲೆಯನ್ನೂ ಬಿಡದೆ ಕೆದಕಿ ತಿಳಿದುಕೊಂಡವನು ನಾನು. ಬೇಡ ಮಾಮ ಎಂದೆ.

ಈಗ ನಮ್ಮ ಕಚೇರಿಯಲ್ಲಿ ಪಾಸ್‌ವರ್ಡ್ ಬದಲಿಸಿ ಎಂದು ಯಂತ್ರ ಇಂಗ್ಲಿಷಿನಲ್ಲೇ ಕೇಳುತ್ತದೆ. ಕೇಳಿದಾಗ ನಾಲ್ಕು ಜನ ಸುತ್ತ ನಿಂತು, ಹೋದ ಸಲದ್ದಕ್ಕೇ ಒಂದು ಅಂಕಿ ಸೇರಿಸು ಎಂದು ಕೂಗಿ ಹೇಳುತ್ತಾರೆ. ನಾನು ಅಲ್ಲಿದ್ದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತೇನೆ. ಮುದುಕನಿಗೆ ಏನಾಗಿದೆ ಎಂದು ನಗುತ್ತಾರೆ, ನಗಲಿ. ಹಾಗೆ ನಿಂತಾಗ ಪಕ್ಕದಲ್ಲಿ ಅಕ್ಕ ನಿಲ್ಲಬೇಕಾದ ಜಾಗ ಖಾಲಿ ಇರುತ್ತದಲ್ಲ, ಅದೊಂದೇ ಬೇಸರ...