ಟ್ರ್ಯಾಕ್ಟರಿನಲ್ಲಿ ಬಂದ ಶಾಸಕರು

ಮೊನ್ನೆ ಹೊಳೆ ಏರಿದ್ದರಿಂದ ಕೊಣ್ಣೂರಿನ ಸೇತುವೆ ಹತ್ತಿರ ನಮ್ಮ ಬಸ್ಸು ನಿಂತುಬಿಟ್ಟಿತು. ಕಿಟಕಿ ಸರಿಸಿದರೆ ಮಲಪ್ರಭೆಯ ಹೊಸ ನೀರಿನ ಕೆಸರುವಾಸನೆ. ಅದು ಮೂಗಿಗೆ ಬಡಿದರೆ ನನಗೆ ಮಲ್ಲೇಶಪ್ಪನವರ ನೆನಪು. ಬಸ್ಸಂತೂ ಸದ್ಯಕ್ಕೆ ಹೊರಡುವ ಹಾಗಿರಲಿಲ್ಲ; ಆಗ ನೆನೆದದ್ದನ್ನು ನಿಮಗೂ ಹೇಳುತ್ತೇನೆ.

ಗಜೇಂದ್ರಗಡದವರಾದ ಅವರು ನರಗುಂದದ ಸಣ್ಣದೊಂದು ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದರು. ನಾನು ಅವರ ಕೈಕೆಳಗಿನ ಗುಮಾಸ್ತ. ಮಧ್ಯಾಹ್ನ ಸ್ಕೂಟರ್ ಹತ್ತಿ ಶಿರೋಳದ ಕಡೆ ಹೋದರೆ, ಯಾರದೋ ಅಣ್ಣತಮ್ಮಂದಿರ ಜಗಳ ಬಗೆಹರಿಸಿ, ಯಾರದೋ ಮಗಳಿಗೆ ವರ ಗೊತ್ತುಮಾಡಿಯೇ ತಿರುಗಿ ಬರುತ್ತಿದ್ದರು. ಬ್ಯಾಂಕಿನ ಕೆಲಸ ಯಾವಾಗ ಮಾಡುತ್ತಿದ್ದರೋ! ಬ್ಯಾಂಕಂತೂ ಚೆನ್ನಾಗಿಯೇ ನಡೆಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ ಒಂದು ವಿಧಾನಸಭೆ ಚುನಾವಣೆಗೆ ನಿಲ್ಲಿ ಎಂದು ಊರ ಹಿರಿಯರು ದುಂಬಾಲು ಬಿದ್ದರು. ಅವರು ಹೆಂಡತಿಯನ್ನು ಕೇಳಿದರು. ಆ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದರು: "ಇಷ್ಟ ದಿನ ಮಂದಿ ನಿಮ್ಮ ಮುಂದ ನಿಲ್ಲತಿದ್ರು. ಇನ್ನ ನೀವು ಮಂದಿ ಮುಂದ ನಿಲ್ಲೂದು. ಮೊಣಕಾಲು ಗಟ್ಟಿ ಅದಾವೇನು ನೋಡ್ಕೋರಿ."

ನಿಂತರು, ಗೆದ್ದರು. ಗೆಲುವಿನ ಅಮಲು ಏರಿದ್ದು ಮಾತ್ರ ನನಗೆ. ಒಂದು ಖಾದಿ ಜಾಕೀಟು ಹೊಲಿಸಿಕೊಂಡು ರಜೆ ದಿನಗಳಲ್ಲಿ ಅವರ ಬೆನ್ನಹಿಂದೆ ತಿರುಗಿದ್ದೇ ತಿರುಗಿದ್ದು.

ಒಂದು ಮಳೆಗಾಲ ಹೊಳೆ ಕೊಣ್ಣೂರಿನ ಸೇತುವೆಯ ಮೇಲೇ ಹರಿಯಿತು. ಆ ಊರಿನ ಕೆಳಗಿನ ಓಣಿಯವರೆಲ್ಲ ಮನೆ ಬಿಟ್ಟು ಶಾಲೆಯಲ್ಲಿ ಆಸರೆ ಪಡೆದಿದ್ದರು. ನಾವು ಕಂಬಳಿ, ರೊಟ್ಟಿ ಹಂಚುತ್ತಿದ್ದೆವು. ಅದೇ ಹೊತ್ತಿಗೆ ನರಗುಂದದ ಪ್ರವಾಸಿ ಮಂದಿರಕ್ಕೆ ಬೆಂಗಳೂರಿನಿಂದ ಪಕ್ಷದ ಹಿರಿಯರು ಬಂದು ಕೂತಿದ್ದರು. ಹೊಸ ಮಂತ್ರಿ ಯಾರೆಂಬುದು ಅವತ್ತೇ ತೀರ್ಮಾನ. ನಮ್ಮವರ ಹೆಸರು ಮುಂದಿತ್ತು. ಅಲ್ಲಿಗೆ ಹೊರಡಲು ಕಾರಿನ ಬಾಗಿಲು ತೆಗೆದಿದ್ದೇ, ಬಳೆ ಮಾರುವ ಹಾಜರಾಬಿ ಓಡಿ ಬಂದಳು. "ಸಾಹೇಬ್ರ, ಸೊಸಿಗೆ ಹೆರಿಗಿ ಬ್ಯಾನಿ ಶುರುವಾಗೇತ್ರಿ. ನರಗುಂದದ ದವಾಖಾನಿಗೆ ಹ್ಯಾಂಗ ಒಯ್ಯಲ್ರಿ?"

ಹಿಂದಿನ ಸೀಟಿನಲ್ಲಿ ಸೊಸೆಯನ್ನು ಮಲಗಿಸಿ, ಕಾಲ ಬಳಿ ಸೂಲಗಿತ್ತಿಯನ್ನು ಕೂರಿಸಿ, ಹಾಜರಾಬಿ ಮುಂದೆ ಹತ್ತಿದ ಮೇಲೆ ಜಾಗವೇ ಉಳಿಯಲಿಲ್ಲ. ನಾನು ಪಿಸುಗುಟ್ಟಿದೆ: "ಸಾಹೇಬ್ರ, ಅಲ್ಲಿ ನಿಮಗ ಕಾಯಾಕತ್ತಾರ್ರಿ. ಇವತ್ತ ತಪ್ಪಿದ್ರ ಹೋತ್ರಿ."

"ಅವರು ಕಾಯಬಹುದು ಮಾರಾಯಾ, ಕೂಸು ಕಾಯತೈತೇನು?" ಎಂದವರೇ ಡ್ರೈವರನಿಗೆ, "ಲಗೂ ಹೋಗಪಾ, ಆದರ ತಗ್ಗು ನೋಡಿ ಹೊಡಿ," ಎಂದರು.

ಮೇವಿನ ಟ್ರ್ಯಾಕ್ಟರ್ ಒಂದು ನರಗುಂದಕ್ಕೆ ಹೊರಟಿತ್ತು. ಅದನ್ನೇ ಹತ್ತಿದೆವು. ಎರೆಮಣ್ಣಿನ ರಾಡಿಯಲ್ಲಿ ಅದು ಎರಡು ಸಲ ಹೂತಿತು. ಶಾಸಕರು ಇಳಿದು ನೂಕಿದರು. ನಾನೂ ನೂಕಿದೆ, ಜಾಕೀಟು ಬಿಚ್ಚಿಟ್ಟು. ಮುಟ್ಟುವಷ್ಟರಲ್ಲಿ ಪ್ರವಾಸಿ ಮಂದಿರ ಖಾಲಿ. ಹಿರಿಯರು ಮುನಿಸಿಕೊಂಡು ಹೋಗಿದ್ದರು.

ನನಗೆ ಅಳು ಬಂತು. ಅವರು ಕೆಸರುಗಾಲಲ್ಲೇ ದವಾಖಾನೆಯತ್ತ ನಡೆದರು. ಹಾಜರಾಬಿ ಬಾಗಿಲಲ್ಲೇ ನಗುತ್ತಿದ್ದಳು: "ಹೆಣ್ಣಕೂಸ್ರಿ. ಇಬ್ಬರೂ ಚಲೋ ಅದಾರ್ರಿ." ಮಲ್ಲೇಶಪ್ಪನವರು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು.

ಅವರು ಮಂತ್ರಿಯಾಗಲಿಲ್ಲ. ಮುಂದಿನ ಸಲ ಟಿಕೆಟ್ಟೂ ಸಿಗಲಿಲ್ಲ. ಆ ದಿನದ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಮೊನ್ನೆ ಬಸ್ಸಿನಲ್ಲಿ ಕೂತೇ ಗಜೇಂದ್ರಗಡದಲ್ಲಿರುವ ಮಲ್ಲೇಶಪ್ಪನವರಿಗೆ ಫೋನ್ ಹಚ್ಚಿದೆ. ಎಂಬತ್ತರ ಹತ್ತಿರದ ಧ್ವನಿ. "ಕೊಣ್ಣೂರಾಗ ಅದೀನ್ರಿ, ಹೊಳಿ ಬಂದೈತಿ, ನಿಮ್ಮ ನೆನಪಾತ್ರಿ," ಎಂದೆ.

ನೆನಪಿನ ಮಾತು ಅವರ ಕಿವಿಗೇ ಬೀಳಲಿಲ್ಲ. "ಕೆಳಗಿನ ಓಣಿ ಮಂದಿ ಮ್ಯಾಲೆ ಬಂದಾರೇನು?"

"ಗೊತ್ತಿಲ್ರಿ, ನಾನು ಬಸ್ಸಿನ್ಯಾಗ..."

"ಹಂಗಾರ ಇಳದು ನೋಡಿ ಹೇಳಪಾ. ಫೋನ್ ಇಡಂಗಿಲ್ಲ ನಾನು."

ಚೀಲ ಹೆಗಲಿಗೇರಿಸಿ ಇಳಿದೆ.